ಪರದೆಯ ಹಕ್ಕಿಬೇಟೆ: ವಾಸ್ತವತೆ ಮತ್ತು ವಿನೋದ

೧. ಪ್ರಶ್ನೆಯ ಸ್ವರೂಪ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಗೆ ದೊರೆತಿರುವ ಸ್ಥಾನವು ಗಮನಾರ್ಹವಾದುದು. ಗಿಡುಗವನ್ನು ಬಿಟ್ಟು ಹಕ್ಕಿಗಳನ್ನು ಹಿಡಿಸುವುದು ಅಲ್ಲಿ ‘ಶ್ಯೇನವಿನೋದ’. ಕಾಡುಮೃಗಗಳ ಬೇಟೆ ‘ಮೃಗಯಾವಿನೋದ’. ಇವೆರಡೂ ಬರುವುದು ದೊರೆಯ ವಿನೋದಗಳನ್ನು ವಿವರಿಸುವ ಭಾಗದಲ್ಲಿ. ಬೇಟೆಯು ಹೊಟ್ಟೆಪಾಡಿನಿಂದ ಬೇರ್ಪಟ್ಟು ಮನಸ್ಸಿನ ಉಲ್ಲಾಸದ ಸಾಧನವಾದದ್ದು ಇಂದು ನಿನ್ನೆಯ ಸಂಗತಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬೇಟೆಯ ಗುರಿ ವಿನೋದವೇ ಎಂದು ಒಪ್ಪಿದೊಡನೆ ಇನ್ನೊಂದು ಪ್ರಶ್ನೆಯೂ ತಲೆಯೆತ್ತುತ್ತದೆ: ಹಾಗಾದರೆ ಹಕ್ಕಿಯು ನಿಜವಾಗಿಯೂ ಇರಲೇಬೇಕೆ?

ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಗಳು ಉತ್ತರ ಹೇಳತೊಡಗಿದವು. ಕೋವಿಯ ಆಕಾರದ ಒಂದು ಉಪಕರಣ, ಒಂದು ಪರದೆ, ಅದರ ಮೇಲೆ ಹಾರುವ ಹಕ್ಕಿಯ ಚಿತ್ರ, ಇಷ್ಟರಿಂದಲೇ ಬೇಟೆಯ ಸುಖವನ್ನು ಒದಗಿಸಬಹುದೆಂದು ವಿಡಿಯೋ ಆಟಗಳು ತೋರಿಸಿಕೊಟ್ಟವು. ಹೊರನಾಡ ಕನ್ನಡಿಗರ ಮನೆಗಳಿಗೂ ಇದು ಅಪರಿಚಿತವಲ್ಲ. ೧೯೯೦ರ ದಶಕದಲ್ಲಿ ನಮ್ಮ ನಗರಗಳ ಮಧ್ಯಮವರ್ಗದ ಮನೆಗಳಿಗೆ ಬಂದ ಅಗ್ಗದ ಟೀವಿ ಆಟದ ಪೆಟ್ಟಿಗೆಗಳ ಜೊತೆಗೆ ಎಷ್ಟೋ ಸಲ ಒಂದು ಪ್ಲಾಸ್ಟಿಕ್ ಕೋವಿಯೂ, ಸಾವಿರಾರು ಆಟಗಳಿವೆಯೆಂದು ಹೇಳಿಕೊಳ್ಳುವ ಒಂದು ಕ್ಯಾಸೆಟ್ಟೂ ಇರುತ್ತಿದ್ದವು. ಆ ಕ್ಯಾಸೆಟ್ಟಿನಲ್ಲಿ ಬಾತುಗಳನ್ನು ಹೊಡೆಯುವ ಆಟವೂ ಒಂದು. ಅಂದು ಆಡಿದ ಮಕ್ಕಳು ಇಂದು ತಂದೆತಾಯಿಯರಾಗಿದ್ದಾರೆ. ಅವರ ಮಕ್ಕಳ ಮುಂದೆ ಈಗ ಹುಲ್ಲಿನ ಎಸಳು, ನೀರಿನ ಅಲೆ, ರೆಕ್ಕೆಯ ಗರಿಗಳನ್ನೂ ಬಿಡದೆ ಚಿತ್ರಿಸುವ ಬೇಟೆಯಾಟಗಳಿವೆ.

ಇಂಥ ಆಟಗಳ ಬಗ್ಗೆ ಎರಡು ಅಭಿಪ್ರಾಯಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಆಟವು ನಿಜವಾದ ಬೇಟೆಯನ್ನು ಆದಷ್ಟೂ ಹೋಲಬೇಕೆಂಬುದು ಒಂದು. ನಿಜದ ಬೇಟೆಯಲ್ಲಿ ಬಹುಪಾಲು ಬೇಸರವೇ ಇರುವುದರಿಂದ ಆಟವು ಅದನ್ನು ಬಿಟ್ಟು ಮೋಜನ್ನಷ್ಟೇ ಹಿಡಿಯಬೇಕೆಂಬುದು ಇನ್ನೊಂದು. ವಾಸ್ತವತೆ ಹೆಚ್ಚಿದಂತೆ ವಿನೋದ ಕುಗ್ಗುತ್ತದೆ ಎಂಬ ನಂಬಿಕೆಯು ಎರಡಕ್ಕೂ ಸಮಾನವಾಗಿದೆ. ಈ ನಂಬಿಕೆಯನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಾಸ್ತವತೆಯು ಅಳೆದು ಹೆಚ್ಚು ಕಡಿಮೆ ಮಾಡಬಹುದಾದ ಒಂದೇ ವಸ್ತುವಲ್ಲ. ಪ್ರತಿಯೊಂದು ಆಟವೂ ಬೇಟೆಯ ವಾಸ್ತವದಿಂದ ಕೆಲವನ್ನು ಆಯ್ದುಕೊಂಡು ಕೆಲವನ್ನು ಬಿಡುತ್ತದೆ. ಏನನ್ನು ಆಯ್ದುಕೊಂಡಿತು ಎಂಬುದಕ್ಕಿಂತ ಏನನ್ನು ಬಿಟ್ಟಿತು ಎಂಬುದೇ ಹೆಚ್ಚು ವಿಚಾರಾರ್ಹ ಎಂಬುದು ನಮ್ಮ ನಿಲುವು.

೨. ಹಕ್ಕಿಯಿಂದ ಬಿಲ್ಲೆಗೆ, ಬಿಲ್ಲೆಯಿಂದ ಬೆಳಕಿಗೆ

ಹಕ್ಕಿಬೇಟೆಯಿಂದ ಹಕ್ಕಿಯನ್ನು ತೆಗೆದುಹಾಕುವ ಕೆಲಸವನ್ನು ವಿಡಿಯೋ ಆಟಗಳು ಮೊದಲು ಮಾಡಿದವೆಂದು ತಿಳಿಯುವುದು ತಪ್ಪಾಗುತ್ತದೆ. ಅದನ್ನು ಆರಂಭಿಸಿದವರು ಗುರಿಕಾರರೇ. ಪೆಟ್ಟಿಗೆಯಲ್ಲಿ ಕೂಡಿಟ್ಟ ಜೀವಂತ ಪಾರಿವಾಳಗಳನ್ನು ಒಂದೊಂದಾಗಿ ಹಾರಬಿಟ್ಟು ಹೊಡೆಯುವ ಸ್ಪರ್ಧೆಗಳು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಹಾಗೂ ಅಮೆರಿಕಗಳಲ್ಲಿ ಜನಪ್ರಿಯವಾಗಿದ್ದವು. ೧೯೦೦ರ ಪ್ಯಾರಿಸ್ ಕ್ರೀಡಾಕೂಟದ ಸಂದರ್ಭದಲ್ಲೂ ಇಂಥ ಸ್ಪರ್ಧೆ ನಡೆದು ಸುಮಾರು ೩೦೦ ಪಾರಿವಾಳಗಳು ಸತ್ತವು. ೨೧ ಹಕ್ಕಿಗಳನ್ನು ಕೆಡವಿದ ಬೆಲ್ಜಿಯಮ್ಮಿನ ಲಿಯೋನ್ ದ ಲುಂಡೆನ್ ಗೆದ್ದನು.

ಅಷ್ಟರಲ್ಲೇ ಅಮೆರಿಕದಲ್ಲಿ ಪಾರಿವಾಳದ ಬದಲು ಗಾಜಿನ ಗೋಲಿಗಳನ್ನು ಚಿಮ್ಮಿಸಿ ಹೊಡೆಯುವ ಪದ್ಧತಿ ಬಂದಿತ್ತು. ಇಲ್ಲಿ ಒಂದು ಸಣ್ಣ ಸಂಗತಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಕೆಲವು ಗೋಲಿಗಳ ಒಳಗೆ ಹಕ್ಕಿಯ ಗರಿಗಳನ್ನು ತುಂಬಿರುತ್ತಿದ್ದರು. ಗುಂಡು ತಗುಲಿ ಗಾಜು ಒಡೆದಾಗ ಗರಿಗಳು ಗಾಳಿಯಲ್ಲಿ ತೇಲಿ, ಹಕ್ಕಿಯೇ ಸತ್ತಂತೆ ಕಾಣುತ್ತಿತ್ತು. ಕೊಲ್ಲುವುದನ್ನು ಬಿಟ್ಟರೂ ಕೊಂದಂತೆ ಕಾಣುವುದನ್ನು ಬಿಡಲು ಮನಸ್ಸಾಗಿರಲಿಲ್ಲ. ವಾಸ್ತವತೆಯನ್ನು ಅಲಂಕಾರವಾಗಿ ಬಳಸುವ ಕ್ರಮವು ಪರದೆಗಿಂತ ಎಷ್ಟು ಹಳೆಯದೆಂಬುದನ್ನು ಇದು ತೋರಿಸುತ್ತದೆ.

೧೮೮೦ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಮಣ್ಣಿನ ಬಿಲ್ಲೆಯನ್ನು ಬಳಕೆಗೆ ತಂದನು. ಬಿಲ್ಲೆಯು ಗೋಲಿಯಂತೆ ಸುಮ್ಮನೆ ಮೇಲೇರಿ ಬೀಳದೆ, ಎದ್ದ ಹಕ್ಕಿಯಂತೆ ದೂರಕ್ಕೆ ಜಾರುತ್ತ ಹಾರುತ್ತಿತ್ತು. ಗರಿಗಳ ಅಲಂಕಾರ ಹೋಯಿತು. ಹಾರಾಟದ ರೀತಿ ಉಳಿಯಿತು. ಇಂದಿಗೂ ಇಂಗ್ಲಿಷರು ಆ ಬಿಲ್ಲೆಯನ್ನು ಮಣ್ಣಿನ ಪಾರಿವಾಳವೆಂದೇ ಕರೆಯುತ್ತಾರೆ. ಹಕ್ಕಿ ಹೋದ ಮೇಲೂ ಅದರ ಹೆಸರು ಉಳಿದುಕೊಂಡಿದೆ.

ಮುಂದಿನ ಹೆಜ್ಜೆ ಬೆಳಕಿನದು. ೧೯೩೬ರಲ್ಲಿ ಅಮೆರಿಕದ ಸೀಬರ್ಗ್ ಕಂಪನಿಯು ‘ರೇ-ಓ-ಲೈಟ್’ ಎಂಬ ಯಂತ್ರವನ್ನು ತಯಾರಿಸಿತು. ಅದರ ಕೋವಿಯಿಂದ ಹೊರಡುತ್ತಿದ್ದುದು ಬೆಳಕಿನ ಕಿರಣ. ಚಲಿಸುವ ಗೊಂಬೆ ಬಾತಿನಲ್ಲಿದ್ದ ದ್ಯುತಿಸಂವೇದಿ ನಳಿಕೆಯು ಆ ಕಿರಣವನ್ನು ಗುರುತಿಸುತ್ತಿತ್ತು. ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೭೩ರಲ್ಲಿ, ಜನ ಬಿಟ್ಟುಹೋಗಿದ್ದ ಬೌಲಿಂಗ್ ಅಂಗಣಗಳನ್ನು ಬಳಸಿಕೊಂಡು, ಮಣ್ಣಿನ ಬಿಲ್ಲೆಗಳ ಬದಲು ಬೆಳಕಿನ ಬಿಲ್ಲೆಗಳನ್ನು ಹೊಡೆಯುವ ವ್ಯವಸ್ಥೆಯನ್ನು ಏರ್ಪಡಿಸಿತು. ಅದೇ ವರ್ಷದ ತೈಲ ಬಿಕ್ಕಟ್ಟು ಆ ಉದ್ಯಮಕ್ಕೆ ದೊಡ್ಡ ಪೆಟ್ಟು ಕೊಟ್ಟಿತು. ಆದರೆ ಆ ವಿಚಾರ ಅಲ್ಲಿಗೆ ನಿಲ್ಲಲಿಲ್ಲ. ೧೯೭೬ರಲ್ಲಿ ಗೋಡೆಯ ಮೇಲೆ ಬಾತಿನ ಬಿಂಬವನ್ನು ಬೀಳಿಸಿ ಹೊಡೆಯುವ ಆಟಿಕೆಯಾಗಿ, ೧೯೮೪ರಲ್ಲಿ ‘ಡಕ್ ಹಂಟ್’ ಎಂಬ ವಿಡಿಯೋ ಆಟವಾಗಿ ಅದು ಮತ್ತೆ ಬಂತು. ೧೯೮೫ರಲ್ಲಿ ಅಮೆರಿಕವನ್ನು ತಲುಪಿದ ಈ ಆಟದ ನಕಲುಗಳೇ ಮುಂದೆ ನಮ್ಮ ಮನೆಗಳಿಗೆ ಬಂದದ್ದು.

೩. ಕೋವಿಯೆಂಬ ಕಣ್ಣು

‘ಡಕ್ ಹಂಟ್’ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪ್ಲಾಸ್ಟಿಕ್ ಕೋವಿಯಿಂದ ಏನೋ ಹೊರಟು ಪರದೆಯನ್ನು ತಾಗುತ್ತದೆಂದು ಆಡುವವರಲ್ಲಿ ಬಹುಮಂದಿ ನಂಬಿದ್ದರು. ನಡೆಯುತ್ತಿದ್ದುದು ಇದಕ್ಕೆ ತೀರ ವಿರುದ್ಧ. ಹಳೆಯ ಯಂತ್ರಗಳಲ್ಲಿ ಕೋವಿಯು ಬೆಳಕನ್ನು ಬಿಡುತ್ತಿತ್ತು, ಗುರಿಯು ಅದನ್ನು ಹಿಡಿಯುತ್ತಿತ್ತು; ಇಲ್ಲಿ ಪರದೆಯೇ ಬೆಳಕನ್ನು ಬಿಡುತ್ತದೆ, ಕೋವಿಯು ಅದನ್ನು ಹಿಡಿಯುತ್ತದೆ. ಕೋವಿಯ ನಳಿಗೆಯೊಳಗೆ ಬೆಳಕನ್ನು ಗ್ರಹಿಸುವ ಒಂದು ಸಣ್ಣ ಘಟಕವಿದೆ. ಎಂದರೆ ಆ ಕೋವಿ ವಾಸ್ತವವಾಗಿ ಒಂದು ಕಣ್ಣು.

ಟ್ರಿಗರ್ ಒತ್ತಿದ ಕೂಡಲೇ ಇಡೀ ಪರದೆಯು ಒಂದು ಚೌಕಟ್ಟಿನ ಮಟ್ಟಿಗೆ, ಎಂದರೆ ಸುಮಾರು ಒಂದು ಸೆಕೆಂಡಿನ ಅರವತ್ತನೆಯ ಒಂದು ಭಾಗದಷ್ಟು ಕಾಲ, ಕಪ್ಪಾಗುತ್ತದೆ. ಮರುಚೌಕಟ್ಟಿನಲ್ಲಿ ಬಾತು ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿಯ ಚೌಕ ಮೂಡುತ್ತದೆ. ಕೋವಿಯು ಮೊದಲು ಕತ್ತಲೆಯನ್ನೂ ಅನಂತರ ಬೆಳಕನ್ನೂ ಕಂಡರೆ ಗುರಿ ತಾಗಿತೆಂದು ಅರ್ಥ. ಎರಡು ಬಾತುಗಳಿದ್ದರೆ ಎರಡು ಚೌಕಗಳು ಒಂದಾದ ಮೇಲೊಂದರಂತೆ ಬರುತ್ತವೆ; ಯಾವ ಚೌಕಟ್ಟಿನಲ್ಲಿ ಬೆಳಕು ಕಂಡಿತೆಂಬುದರಿಂದ ಯಾವ ಬಾತು ಎಂಬುದು ಗೊತ್ತಾಗುತ್ತದೆ. ಮೊದಲಿನ ಕತ್ತಲೆಯ ಚೌಕಟ್ಟು ಇಲ್ಲದಿದ್ದರೆ ಮನೆಯ ವಿದ್ಯುದ್ದೀಪದ ಕಡೆಗೆ ಕೋವಿ ಹಿಡಿದವನೂ ಗೆಲ್ಲಬಹುದಿತ್ತು. ಈ ತಂತ್ರವು ಎಲೆಕ್ಟ್ರಾನ್ ಕಿರಣವು ಗೆರೆಗೆರೆಯಾಗಿ ಚಿತ್ರ ಬರೆಯುತ್ತಿದ್ದ ಹಳೆಯ ಕೊಳವೆ ಟೀವಿಗೆ ಮಾತ್ರ ಹೊಂದುತ್ತದೆ. ಇಂದಿನ ಚಪ್ಪಟೆ ಪರದೆಗಳಲ್ಲಿ ಆ ಕೋವಿ ಕುರುಡು.

ಆಟದ ಉಳಿದ ಅಂಗಗಳೂ ಇಷ್ಟೇ ಮಿತವಾದವು. ಸುತ್ತಿಗೆ ಹತ್ತು ಬಾತುಗಳು. ಪ್ರತಿ ಸರದಿಗೆ ಮೂರು ಗುಂಡುಗಳು. ಬಾತಿನ ಬಣ್ಣಕ್ಕೆ ತಕ್ಕಂತೆ ಅಂಕ. ಮೊದಲ ಸುತ್ತುಗಳಲ್ಲಿ ಆರು ಬಾತುಗಳನ್ನು ಹೊಡೆದರೆ ಸಾಕು. ಮುಂದೆ ಹತ್ತಕ್ಕೆ ಹತ್ತೂ ಬೀಳಬೇಕು. ಹುಲ್ಲಿನೊಳಗಿಂದ ಒಂದು ನಾಯಿ ಮೇಲೆದ್ದು ಸತ್ತ ಬಾತನ್ನು ಎತ್ತಿ ತೋರಿಸುತ್ತದೆ. ಗುರಿ ತಪ್ಪಿದರೆ ಬಾಯಿಗೆ ಕೈಯಿಟ್ಟು ನಗುತ್ತದೆ. ಈ ನಗೆಗೆ ಆಟಗಾರರು ಎಷ್ಟು ರೇಗುತ್ತಿದ್ದರೆಂದರೆ, ಹಣ ಹಾಕಿ ಆಡುವ ಯಂತ್ರಗಳಿಗಾಗಿ ಮಾಡಿದ ಇದರ ರೂಪದಲ್ಲಿ ನಾಯಿಯನ್ನೂ ಹೊಡೆಯಲು ಅವಕಾಶವಿರುವ ಒಂದು ಹೆಚ್ಚುವರಿ ಸುತ್ತು ಇತ್ತು. ಮನೆಯ ಆಟದಲ್ಲಿ ಇನ್ನೊಂದು ಸೌಕರ್ಯವೂ ಇತ್ತು: ಒಂಟಿ ಬಾತಿನ ಆಟದಲ್ಲಿ ಎರಡನೆಯವರು ತಮ್ಮ ಕೈಗುಂಡಿಗಳಿಂದ ಬಾತನ್ನು ಹಾರಿಸಬಹುದಾಗಿತ್ತು. ಅಣ್ಣ ಬೇಟೆಗಾರ, ತಮ್ಮ ಹಕ್ಕಿ. ಬೇಟೆಯಲ್ಲಿ ಎಂದೂ ಸಾಧ್ಯವಿಲ್ಲದ ಸಮಾನತೆಯನ್ನು ಆಟವು ಹೀಗೆ ಒದಗಿಸಿತು.

೪. ಜೌಗು ನೆಲದ ಲೆಕ್ಕ

ಇನ್ನು ನಿಜವಾದ ಬಾತುಬೇಟೆಯಲ್ಲಿ ನಡೆಯುವುದೇನು ಎಂಬುದನ್ನು ನೋಡೋಣ. ಗಂಟೆಗೆ ೬೫ ಕಿಲೋಮೀಟರ್ ವೇಗದಲ್ಲಿ, ಬೇಟೆಗಾರನಿಂದ ೩೫ ಮೀಟರ್ ದೂರದಲ್ಲಿ, ಅಡ್ಡಲಾಗಿ ಹಾರುವ ಒಂದು ಕಾಡುಬಾತನ್ನು ಊಹಿಸಿಕೊಳ್ಳಬಹುದು. ಅದು ಒಂದು ಸೆಕೆಂಡಿಗೆ ಸುಮಾರು ೧೮ ಮೀಟರ್ ಸಾಗುತ್ತದೆ. ಕೋವಿಯಿಂದ ಹೊರಟ ಚರೆಗಳ ಸರಾಸರಿ ವೇಗ ಸೆಕೆಂಡಿಗೆ ೩೦೦ ಮೀಟರ್ ಎಂದು ಹಿಡಿದರೆ ಅವು ಆ ದೂರವನ್ನು ಕ್ರಮಿಸಲು ಸುಮಾರು ೦.೧೨ ಸೆಕೆಂಡು ಬೇಕು. ಅಷ್ಟು ಹೊತ್ತಿಗೆ ಬಾತು ಎರಡು ಮೀಟರಿಗೂ ಸ್ವಲ್ಪ ಹೆಚ್ಚು ಮುಂದೆ ಹೋಗಿರುತ್ತದೆ. ಆದಕಾರಣ ಹಕ್ಕಿಗೇ ಗುರಿಯಿಟ್ಟವನ ಈಡು ತಪ್ಪುತ್ತದೆ. ಹಕ್ಕಿ ಇನ್ನೂ ತಲುಪದ ಬರಿಯ ಬಯಲಿಗೆ ಗುರಿಯಿಟ್ಟವನ ಈಡು ತಾಗುತ್ತದೆ. ಇದನ್ನು ನಾವು ‘ಮುಂಗುರಿ’ ಎಂದು ಕರೆಯೋಣ. ಹಕ್ಕಿಬೇಟೆಯ ಕೌಶಲದ ತಿರುಳು ಇದು.

‘ಡಕ್ ಹಂಟ್’ನಲ್ಲಿ ಮುಂಗುರಿ ಇಲ್ಲ. ಬೆಳಕಿಗೆ ಪಯಣದ ಕಾಲವೇ ಇಲ್ಲದಷ್ಟು ವೇಗವಿರುವುದರಿಂದ ಹಕ್ಕಿ ಇದ್ದಲ್ಲಿಗೇ ಗುರಿಯಿಡಬೇಕು. ಪರದೆಗೆ ಕೋವಿಯ ಮೂತಿಯನ್ನು ತಾಗಿಸಿಕೊಂಡು ಎಲ್ಲ ಬಾತುಗಳನ್ನೂ ಕೆಡವಿದ ಮಕ್ಕಳು ಎಷ್ಟೋ ಮಂದಿ. ೧೯೯೯ರಲ್ಲಿ ಜರ್ಮನಿಯಲ್ಲಿ ಮದ್ಯದ ಜಾಹೀರಾತಿಗಾಗಿ ತಯಾರಾಗಿ, ಕಚೇರಿಯ ಕಂಪ್ಯೂಟರುಗಳಲ್ಲೆಲ್ಲ ಹರಡಿದ ‘ಮೋರ್‌ಹೂನ್’ ಎಂಬ ಆಟವೂ ಇದೇ ಜಾತಿಯದು. ಸ್ಕಾಟ್ಲೆಂಡಿನ ಬೆಟ್ಟದ ಹಿನ್ನೆಲೆ, ತೊಂಬತ್ತು ಸೆಕೆಂಡುಗಳ ಅವಧಿ, ಕೋಳಿಯಂಥ ದಡ್ಡ ಹಕ್ಕಿಗಳು. ಅಲ್ಲಿ ದೂರದ ಚಿಕ್ಕ ಹಕ್ಕಿಗೆ ಹೆಚ್ಚು ಅಂಕ, ಹತ್ತಿರದ ದೊಡ್ಡ ಹಕ್ಕಿಗೆ ಕಡಿಮೆ. ದೂರದ ಗುರಿ ಕಷ್ಟವೆಂಬ ಬೇಟೆಯ ಅನುಭವವು ಅಂಕಗಳ ರೂಪದಲ್ಲಿ ಉಳಿದಿದೆ. ಆ ಕಷ್ಟದ ಕಾರಣಗಳು ಬಿಟ್ಟುಹೋಗಿವೆ.

ಹಾಗೆಂದು ಈ ಆಟಗಳು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಹಕ್ಕಿ ಏಳುವ ಕ್ಷಣದ ಬೆಚ್ಚುವಿಕೆ, ಕಣ್ಣು ಕೈಗಳು ಒಂದಾಗಬೇಕಾದ ಅವಸರ, ತಪ್ಪಿದಾಗಿನ ನಾಚಿಕೆ ಇವು ಬೇಟೆಯಲ್ಲಿಯೂ ನಿಜ, ಪರದೆಯ ಮುಂದೆಯೂ ನಿಜ. ಗಂಟೆಗಟ್ಟಲೆ ಚಳಿಯಲ್ಲಿ ಕಾದ ಬೇಟೆಗಾರನಿಗೆ ದೊರೆಯುವ ಎರಡು ಮೂರು ಸೆಕೆಂಡುಗಳನ್ನು ಮಾತ್ರ ಆಟವು ಕತ್ತರಿಸಿ ತೆಗೆದು, ಅವನ್ನೇ ಮತ್ತೆ ಮತ್ತೆ ಬಡಿಸುತ್ತದೆ. ಅದರ ವಾಸ್ತವತೆ ಅಲ್ಪವಾದರೂ ಆಯ್ಕೆ ನಿಖರವಾದುದು.

೫. ಮೂರನೆಯ ಸ್ಥಿತಿ

ಆದರೆ ಬಿಟ್ಟುಹೋದದ್ದು ಮುಂಗುರಿಯೊಂದೇ ಅಲ್ಲ. ಹಕ್ಕಿಬೇಟೆಯ ಕೋವಿಯಿಂದ ಹೊರಡುವುದು ಒಂದು ಗುಂಡಲ್ಲ, ನೂರಾರು ಚರೆಗಳು. ಹೋದಂತೆಲ್ಲ ಅವು ಚದುರುತ್ತವೆ. ನಳಿಗೆಯ ಬಾಯನ್ನು ಎಷ್ಟು ಕಿರಿದುಮಾಡಿದೆ ಎಂಬುದನ್ನು ಅಳೆಯಲು ಗುರಿಕಾರರು ಬಳಸುವ ಕ್ರಮ ಹೀಗಿದೆ: ೪೦ ಗಜ ದೂರದಲ್ಲಿ ೩೦ ಅಂಗುಲ ವ್ಯಾಸದ ವೃತ್ತದೊಳಗೆ ಚರೆಗಳಲ್ಲಿ ನೂರಕ್ಕೆ ಎಷ್ಟು ಬಿದ್ದವು ಎಂದು ಎಣಿಸುವುದು. ಅತ್ಯಂತ ಕಿರಿದಾದ ಬಾಯಿಗೆ ಈ ಪ್ರಮಾಣ ನೂರಕ್ಕೆ ಸುಮಾರು ೭೦. ಉಳಿದವು ವೃತ್ತದ ಹೊರಗೆ. ಹೀಗಾಗಿ ಚದುರುವಿಕೆಯ ಅಂಚಿನಲ್ಲಿ ಸಿಕ್ಕಿದ ಹಕ್ಕಿಗೆ ಒಂದೋ ಎರಡೋ ಚರೆಗಳು ತಾಗಬಹುದು. ಅದು ಬೀಳದೆ ಹಾರಿಹೋಗಬಹುದು. ಅಥವಾ ರೆಕ್ಕೆ ಮುರಿದು ಜೊಂಡಿನೊಳಗೆ ಬಿದ್ದು ಅವಿತುಕೊಳ್ಳಬಹುದು.

ಪರದೆಯ ಹಕ್ಕಿಗೆ ಎರಡೇ ಸ್ಥಿತಿಗಳು: ತಾಗಿತು, ತಪ್ಪಿತು. ಜೌಗಿನ ಹಕ್ಕಿಗೆ ಮೂರನೆಯದೊಂದಿದೆ: ಗಾಯಗೊಂಡಿತು. ಬೇಟೆಗಾರರ ನೀತಿಯೆಲ್ಲ ಬೆಳೆದಿರುವುದು ಈ ಮೂರನೆಯ ಸ್ಥಿತಿಯ ಸುತ್ತ. ಅಮೆರಿಕದಲ್ಲಿ ವಲಸೆ ಹಕ್ಕಿಗಳ ಬೇಟೆಯ ನಿಯಮದಂತೆ, ಕೊಂದ ಅಥವಾ ಗಾಯಗೊಳಿಸಿದ ಹಕ್ಕಿಯನ್ನು ಹುಡುಕಿ ತರಲು ಬೇಟೆಗಾರನು ತಕ್ಕ ಪ್ರಯತ್ನ ಮಾಡಲೇಬೇಕು. ಬೇಟೆನಾಯಿಯ ನಿಜವಾದ ಕೆಲಸವೂ ಅದೇ. ಜೊಂಡಿನಲ್ಲಿ ಅಡಗಿದ ಗಾಯದ ಹಕ್ಕಿಯನ್ನು ವಾಸನೆಯಿಂದ ಕಂಡುಹಿಡಿದು ತರುವ ಆ ಪ್ರಾಣಿಯು ‘ಡಕ್ ಹಂಟ್’ನಲ್ಲಿ ಅಂಕ ಸಾರುವ ವಿದೂಷಕನಾಗಿದೆ. ಹುಡುಕಬೇಕಾದದ್ದು ಅಲ್ಲಿ ಏನೂ ಇಲ್ಲದಿರುವುದೇ ಇದಕ್ಕೆ ಕಾರಣ.

ಮೂರು ಗುಂಡುಗಳ ಮಿತಿಯನ್ನೂ ಹೀಗೆಯೇ ಹೋಲಿಸಬಹುದು. ಅಮೆರಿಕದಲ್ಲಿ ೧೯೩೫ರಿಂದ ವಲಸೆ ಹಕ್ಕಿಗಳ ಬೇಟೆಗೆ ಮೂರಕ್ಕಿಂತ ಹೆಚ್ಚು ತೋಟಾಗಳು ಹಿಡಿಯುವ ಕೋವಿಯನ್ನು ಬಳಸುವಂತಿಲ್ಲ. ಆಟದಲ್ಲಿಯೂ ಮೂರೇ. ಕಾನೂನಿನ ಮೂರು ಹಕ್ಕಿಯನ್ನು ಉಳಿಸುವುದಕ್ಕೆ. ಆಟದ ಮೂರು ಆಡುವವರ ಕುತೂಹಲವನ್ನು ಉಳಿಸುವುದಕ್ಕೆ. ಬಣ್ಣದ ಮಾತೂ ಅಷ್ಟೆ. ಆಟದಲ್ಲಿ ಬಣ್ಣ ಕಂಡು ಹೆಚ್ಚು ಅಂಕ ಗಳಿಸಬೇಕು. ಅಲ್ಲಿನ ಜೌಗಿನಲ್ಲಿ ಬಣ್ಣ ಕಂಡು, ಜಾತಿಯನ್ನೂ ಕೆಲವೊಮ್ಮೆ ಹೆಣ್ಣು ಗಂಡನ್ನೂ ಗುರುತಿಸಿ, ಮಿತಿ ಮೀರುವುದಾದರೆ ಎತ್ತಿದ ಕೋವಿಯನ್ನು ಇಳಿಸಬೇಕು.

ತಪ್ಪಿದ ಗುಂಡಿಗೂ ವಾಸ್ತವದಲ್ಲಿ ಒಂದು ಕಥೆಯುಂಟು. ಆಟದಲ್ಲಿ ಅದು ಇಲ್ಲವಾಗುತ್ತದೆ. ಜೌಗಿನಲ್ಲಿ ಅದು ಕೆಸರಿಗೆ ಬೀಳುತ್ತದೆ. ಆಹಾರವನ್ನು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುವ ಬಾತುಗಳು ಸೀಸದ ಚರೆಗಳನ್ನೂ ನುಂಗಿ ವಿಷವೇರಿ ಸಾಯುವುದು ತಿಳಿದು, ೧೯೯೧ರಲ್ಲಿ ಅಮೆರಿಕವು ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ದೇಶದಾದ್ಯಂತ ನಿಷೇಧಿಸಿತು. ತಾಗಿದರೂ ಬೀಳದ ಹಕ್ಕಿ, ತಪ್ಪಿದರೂ ಮುಗಿಯದ ಗುಂಡು ಇವೆರಡನ್ನೂ ಆಟವು ಬಿಟ್ಟುಬಿಟ್ಟಿದೆ. ವಿನೋದಕ್ಕಾಗಿ ಬಿಟ್ಟದ್ದು ಬೇಸರವನ್ನು ಮಾತ್ರ ಎಂಬ ವಾದವು ಇಲ್ಲಿ ನಿಲ್ಲುವುದಿಲ್ಲ. ಹೊಣೆಯೂ ಬಿಟ್ಟುಹೋಗಿದೆ.

ಬಿದ್ದ ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡುವುದರಿಂದ ಏನಾಗಬಹುದೆಂಬುದಕ್ಕೆ ನಮ್ಮ ದೇಶದಲ್ಲೇ ಒಂದು ನಿದರ್ಶನವಿದೆ. ಮುಂಬಯಿಯಲ್ಲಿ ಬಾಲಕ ಸಾಲಿಂ ಅಲಿ ಆಟದ ಗಾಳಿಕೋವಿಯಿಂದ ಒಂದು ಗುಬ್ಬಿಯನ್ನು ಹೊಡೆದನು. ಕೈಗೆತ್ತಿಕೊಂಡಾಗ ಅದರ ಕೊರಳಿನ ಹಳದಿ ಬಣ್ಣವು ಅವನನ್ನು ಅಚ್ಚರಿಗೊಳಿಸಿತು. ಆ ಹಕ್ಕಿಯ ಹೆಸರನ್ನು ತಿಳಿಯಲು ಅವನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದನು. ಭಾರತದ ಪಕ್ಷಿಶಾಸ್ತ್ರದ ದೊಡ್ಡ ಅಧ್ಯಾಯವೊಂದು ಅಲ್ಲಿಂದ ಆರಂಭವಾಯಿತು. ಅಂಕವಾಗಿ ಕರಗಿಹೋಗುವ ಹಕ್ಕಿಯಿಂದ ಇಂಥ ಪ್ರಶ್ನೆ ಹುಟ್ಟುವುದು ಕಷ್ಟ.

೬. ವಾಸ್ತವವನ್ನು ಮರಳಿ ತಂದ ಆಟಗಳು

ಹೊಣೆಯನ್ನು ಆಟದೊಳಗೆ ತಂದರೆ ವಿನೋದ ಹಾಳಾಗುವುದೆ? ಆಗಲೇಬೇಕಿಲ್ಲವೆಂದು ಕೆಲವು ಆಟಗಳು ತೋರಿಸಿವೆ. ೨೦೦೦ದಲ್ಲಿ ಬಂದ ‘ಬಿಗ್ ಬಕ್ ಹಂಟರ್’ ಜಿಂಕೆಬೇಟೆಯ ಯಂತ್ರಾಟ. ವೇಗ, ಗದ್ದಲ, ಬಣ್ಣಗಳಿಂದ ಕೂಡಿದ್ದು. ಆದರೂ ಹೆಣ್ಣು ಜಿಂಕೆಗೆ ಗುಂಡು ತಾಗಿದರೆ ಆ ಸರದಿ ಅಲ್ಲಿಗೇ ಮುಗಿಯುತ್ತದೆ. ಹೊಡೆಯದಿರುವುದೂ ಆಟದ ಒಂದು ಕೌಶಲವಾಗಿ, ಆ ತಡೆಯೇ ಮೋಜನ್ನು ಹೆಚ್ಚಿಸುತ್ತದೆ. ೨೦೧೭ರಲ್ಲಿ ಬಂದ ‘ದ ಹಂಟರ್: ಕಾಲ್ ಆಫ್ ದ ವೈಲ್ಡ್’ ಇನ್ನೂ ಮುಂದೆ ಹೋಗಿದೆ. ವಿಶಾಲವಾದ ಕಾಡುಗಳಲ್ಲಿ ಬಹುಕಾಲ ನಡೆಯಬೇಕು, ಕಾಯಬೇಕು. ಗಾಳಿಯ ದಿಕ್ಕನ್ನು ಗಮನಿಸಬೇಕು. ಗುಂಡಿಗೂ ಪಯಣದ ಕಾಲವುಂಟು. ಪ್ರಾಣಿಯ ಗಾತ್ರಕ್ಕೆ ಹೊಂದದ ಗುಂಡನ್ನು ಬಳಸಿದರೆ ಬಹುಮಾನ ತಗ್ಗುತ್ತದೆ. ಗಾಯಗೊಂಡ ಪ್ರಾಣಿಯ ರಕ್ತದ ಜಾಡನ್ನು ಹಿಡಿದು ಹುಡುಕಬೇಕು. ಮೂರನೆಯ ಸ್ಥಿತಿಯು ಹೀಗೆ ಪರದೆಗೆ ಮರಳಿದೆ.

ಹಕ್ಕಿಗಳನ್ನು ಸೆಳೆಯಲು ಇಂಥ ಆಟಗಳಲ್ಲಿ ಕೂಗುವ ಸಾಧನಗಳೂ ನಕಲಿ ಹಕ್ಕಿಗಳೂ ಇರುತ್ತವೆ. ಕಾಡುಪ್ರಾಣಿಯನ್ನು ಸೆಳೆಯಲು ಬೇಟೆಗಾರರು ಮುಂದಿಡುವ ಸಾಕಿದ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ವೆಂದು ಹೆಸರು. ಹಕ್ಕಿಯ ಚಿತ್ರವನ್ನು ಸೆಳೆಯಲು ನಕಲಿ ಹಕ್ಕಿಯ ಚಿತ್ರವನ್ನಿಡುವ ಈ ಆಟವು ದೀವಕ್ಕೂ ಒಂದು ದೀವವನ್ನು ಕಲ್ಪಿಸಿದೆ.

ಇಲ್ಲಿ ಕಾಯುವುದು ಬೇಸರದ ಕೆಲಸವೆಂದು ಆಡುವವರು ಭಾವಿಸುವುದಿಲ್ಲ, ಅದಕ್ಕಾಗಿಯೇ ಆಡುತ್ತಾರೆ. ಹೀಗೆ ವಾಸ್ತವತೆ ಹೆಚ್ಚಿದಂತೆ ವಿನೋದ ಅಳಿಯುವುದಿಲ್ಲ, ಅದರ ಬಗೆ ಬದಲಾಗುತ್ತದೆ. ಬೆಚ್ಚುವಿಕೆಯ ವಿನೋದವು ನಿರೀಕ್ಷೆಯ ವಿನೋದವಾಗುತ್ತದೆ.

೭. ಭರತಪುರದ ಕಲ್ಲು

ಇಷ್ಟರಿಂದ, ವಾಸ್ತವತೆ ಹೆಚ್ಚಿದಷ್ಟೂ ಆಟ ಉತ್ತಮವೆಂಬ ತೀರ್ಮಾನಕ್ಕೆ ಬರುವುದೂ ಸರಿಯಲ್ಲ. ಏಕೆಂದರೆ ಮಾದರಿಯೆಂದು ಹಿಡಿದ ವಾಸ್ತವವೇ ಕೆಲವೊಮ್ಮೆ ಆಟವಾಗಿಬಿಟ್ಟಿರುತ್ತದೆ. ದೆಹಲಿಯಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಇದಕ್ಕೆ ಸಾಕ್ಷಿಯಿದೆ. ಅಲ್ಲಿನ ದೇವಾಲಯದ ಬಳಿ ಹಳೆಯ ಶಿಕಾರಿಗಳ ದಿನಾಂಕ, ಅತಿಥಿ, ಕೋವಿಗಳ ಸಂಖ್ಯೆ, ಸತ್ತ ಹಕ್ಕಿಗಳ ಸಂಖ್ಯೆಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ೧೯೩೮ರ ನವೆಂಬರ್ ೧೨ರಂದು ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ ಬಂದಾಗ ಹೊಡೆದ ಹಕ್ಕಿಗಳು ೪,೨೭೩. ಹಗಲಿನ ಹತ್ತು ಗಂಟೆಯೂ ಎಡೆಬಿಡದೆ ಶಿಕಾರಿ ನಡೆಯಿತೆಂದು ಇಟ್ಟುಕೊಂಡರೂ ನಿಮಿಷಕ್ಕೆ ಏಳು ಹಕ್ಕಿಗಳಾದವು.

ಗೊತ್ತುಮಾಡಿದ ನೆಲೆಗಳು, ಹೊಡೆಯುವವರ ಕಡೆಗೆ ತಂಡತಂಡವಾಗಿ ಏಳುವ ಹಕ್ಕಿಗಳು, ಕೊನೆಗೆ ಅಂಕಪಟ್ಟಿ: ಮುಂದೆ ವಿಡಿಯೋ ಆಟದಲ್ಲಿ ಕಾಣುವುದೆಲ್ಲ ಅಲ್ಲಿ ಆಗಲೇ ಇತ್ತು. ವ್ಯತ್ಯಾಸ ಒಂದೇ, ಹಕ್ಕಿಗಳು ನಿಜವಾಗಿದ್ದವು. ಈ ಕಲ್ಲಿನ ಮುಂದೆ ನಿಂತಾಗ ‘ಡಕ್ ಹಂಟ್’ನ ಬಿಳಿಯ ಚೌಕವು ಒಂದು ಉಪಕಾರದಂತೆ ತೋರುತ್ತದೆ. ಎಣಿಕೆಯ ಹಂಬಲವನ್ನು ತೀರಿಸಿಕೊಳ್ಳಲೇಬೇಕಾದರೆ ಅದು ಬೆಳಕಿನ ಮೇಲೆ ತೀರಲಿ. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಪರವಾನಗಿಯ ಶಿಕಾರಿಗೆ ತೆರೆಯೆಳೆದ ೧೯೯೧ರ ಅದರ ತಿದ್ದುಪಡಿಯೂ ಮೋಜಿನ ಬೇಟೆಯನ್ನು ಮುಗಿಸಿವೆ. ಭರತಪುರವು ೧೯೮೫ರಲ್ಲಿ ವಿಶ್ವಪರಂಪರೆಯ ತಾಣವಾಯಿತು. ನಮ್ಮ ಇಂದಿನ ಮಕ್ಕಳಿಗೆ ಹಕ್ಕಿಬೇಟೆಯೆಂದರೆ ಪರದೆಯ ಬೇಟೆಯೊಂದೇ. ಹೋಲಿಸಿ ನೋಡಲು ಅವರಿಗೆ ಮೂಲವಿಲ್ಲ. ಆದುದರಿಂದಲೇ ಆಟವು ಬಿಟ್ಟದ್ದನ್ನು ಹೇಳಿಕೊಡುವ ಹೊಣೆ ಹಿರಿಯರ ಮೇಲಿದೆ.

೮. ಹಿಟ್ಟಿನ ಹುಂಜದ ಕೂಗು

ಕೃತಕವಾದ ಹಕ್ಕಿಯನ್ನು ಹೊಡೆಯುವುದರ ಅರ್ಥವೇನು ಎಂಬುದನ್ನು ಕನ್ನಡ ಕಾವ್ಯವು ಎಂಟುನೂರು ವರ್ಷಗಳಷ್ಟು ಹಿಂದೆಯೇ ಚರ್ಚಿಸಿದೆ. ೧೨೦೯ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಜೀವಬಲಿಗೆ ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ. ಕತ್ತಿ ತಾಗಿದಾಗ ಆ ಹುಂಜ ಕೂಗುತ್ತದೆ. ಸಂಕಲ್ಪಮಾತ್ರದ ಆ ಹಿಂಸೆಯ ಫಲವಾಗಿ ತಾಯಿಮಕ್ಕಳು ಹಲವು ಹೀನ ಜನ್ಮಗಳಲ್ಲಿ ತೊಳಲುತ್ತಾರೆ. ಇದೇ ವಸ್ತುವನ್ನು ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಮತ್ತೆ ಎತ್ತಿಕೊಂಡರು.

ಪರದೆಯ ಮುಂದೆ ಕುಳಿತ ಮಗುವನ್ನು ಯಶೋಧರನ ಸಾಲಿಗೆ ಸೇರಿಸುವುದು ನಮ್ಮ ಉದ್ದೇಶವಲ್ಲ. ಯಶೋಧರನಿಗೆ ಬೇಕಾಗಿದ್ದುದು ಕೊಂದುದರ ಫಲ. ಹಿಟ್ಟಿನ ಹುಂಜವು ಜೀವದ ಹುಂಜಕ್ಕೆ ಬದಲಿಯಾಗಿ ಸಲ್ಲಬೇಕೆಂಬುದು ಅಲ್ಲಿನ ಸಂಕಲ್ಪ. ಮಗುವಿಗೆ ಬೇಕಾಗಿರುವುದು ಗುರಿ ತಾಗಿದ ಸಂತೋಷ. ಆದರೆ ಆ ಕೂಗು ನಮ್ಮ ಚರ್ಚೆಗೆ ಒಂದು ಅಳತೆಗೋಲನ್ನು ಕೊಡುತ್ತದೆ. ಅಲಂಕಾರವಾಗಿ ಬಂದ ವಾಸ್ತವತೆ ಒಂದು. ಎಚ್ಚರಿಸುವ ವಾಸ್ತವತೆ ಇನ್ನೊಂದು. ಗಾಜಿನ ಗೋಲಿಯೊಳಗಿನ ಗರಿಗಳು ಮೊದಲನೆಯದು. ಹಿಟ್ಟಿನ ಹುಂಜದ ಕೂಗು ಎರಡನೆಯದು. ಗರಿ, ನೀರು, ನೆತ್ತರುಗಳನ್ನು ಎಷ್ಟು ನೈಜವಾಗಿ ಬಿಡಿಸಿದರೂ ಗಾಯದ ಹಕ್ಕಿಯನ್ನು ಹುಡುಕುವ ಕಷ್ಟವನ್ನು ಕೊಡದ ಆಟವು ಗೋಲಿಯೊಳಗೆ ಗರಿ ತುಂಬಿದಂತೆಯೇ. ಚಿತ್ರ ಸರಳವಾಗಿದ್ದರೂ ಕೋವಿಯನ್ನು ಇಳಿಸುವ ಸಂದರ್ಭವೊಂದನ್ನು ಒಳಗೊಂಡ ಆಟವು ಹೆಚ್ಚು ವಾಸ್ತವವಾದುದು. ಆಟಗಳನ್ನು ಆರಿಸುವ ತಂದೆತಾಯಿಯರು ಚಿತ್ರದ ನೈಜತೆಗಿಂತ ಇದನ್ನು ಗಮನಿಸುವುದು ಮೇಲು.

ಬೇಟೆಯ ಸಮಸ್ತ ವಾಸ್ತವವನ್ನೂ ಉಳಿಸಿಕೊಂಡು ಕೋವಿಯೊಂದನ್ನೇ ಬಿಟ್ಟ ವಿನೋದವೂ ಇದೆಯೆಂಬುದನ್ನು ಕೊನೆಯದಾಗಿ ಹೇಳಬೇಕು. ಅದು ಪಕ್ಷಿವೀಕ್ಷಣೆ. ನಸುಕಿನಲ್ಲಿ ಏಳುವುದು, ಮರೆಯಲ್ಲಿ ಕಾಯುವುದು, ಜಾತಿಯನ್ನೂ ಹೆಣ್ಣುಗಂಡನ್ನೂ ಗುರುತಿಸುವುದು, ಹಾರುವ ಹಕ್ಕಿಯ ಮುಂದಕ್ಕೆ ದುರ್ಬೀನನ್ನು ತಿರುಗಿಸುವುದು ಎಲ್ಲವೂ ಅಲ್ಲಿವೆ. ಚಳಿಗಾಲದಲ್ಲಿ ದೆಹಲಿಯವರಿಗೆ ಓಖ್ಲಾ, ಮುಂಬಯಿಯವರಿಗೆ ಠಾಣೆ ಖಾರಿ, ಪುಣೆಯವರಿಗೆ ಭಿಗವಣ, ಚೆನ್ನೈಯವರಿಗೆ ಪಳ್ಳಿಕರಣೈ, ಹೈದರಾಬಾದಿನವರಿಗೆ ಅಮೀನ್‌ಪುರದ ಕೆರೆ ದೂರವಲ್ಲ. ಪರದೆಯಲ್ಲಿ ಬಾತನ್ನು ಹೊಡೆದ ಮಗುವನ್ನು ಒಂದು ಬೆಳಗ್ಗೆ ಅಲ್ಲಿಗೆ ಕರೆದುಕೊಂಡು ಹೋದರೆ, ಪರದೆಯ ಬಾತು ಮಗುವನ್ನು ಕೆರೆಯ ದಂಡೆಯವರೆಗೆ ಸೆಳೆದುತಂದ ದೀವವಾದೀತು. ಆಗ ಆ ಆಟಕ್ಕೂ ಒಂದು ಸಾರ್ಥಕತೆ ಒದಗುತ್ತದೆ.